ಅಪ್ಪನ ಮಂಚದ ಕೆಳಗಿನ ಕಾಫಿ

ಮಾರ್ಚ್ 3

ಅಣ್ಣ,

ನಾಲ್ಕು ಜನ ಮೆಚ್ಚಿದ ಕಾಫಿಯನ್ನು ನೀನೊಬ್ಬನೇ ಕೊಂದಿದ್ದೀಯ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ನಿಮ್ಮ ರುಚಿ ಪರೀಕ್ಷೆಯ ಕೇಂದ್ರದಿಂದ ನಿನ್ನೆ ಅಂಕಪಟ್ಟಿ ಬಂತು. ಐದು ಹಾಳೆ. ಯಾವುದರ ಮೇಲೂ ಹೆಸರಿಲ್ಲ, ಒಂದರಿಂದ ಐದರವರೆಗೆ ಸಂಖ್ಯೆ ಮಾತ್ರ. ಮೊದಲನೆಯವರು ಎಂಬತ್ತೆಂಟು ಕೊಟ್ಟಿದ್ದಾರೆ, ಎರಡನೆಯವರು ಎಂಬತ್ತೇಳೂವರೆ, ಮೂರನೆಯವರು ಎಂಬತ್ತೊಂಬತ್ತು, ನಾಲ್ಕನೆಯವರು ಎಂಬತ್ತೆಂಟೂವರೆ. 'ಪುದೀನದಂಥ ತಂಪು' ಎಂದು ಒಬ್ಬರು ಬರೆದಿದ್ದಾರೆ. 'ಇಂಥದ್ದನ್ನು ಇದೇ ಮೊದಲು ಕುಡಿಯುತ್ತಿದ್ದೇನೆ' ಎಂದು ಇನ್ನೊಬ್ಬರು. ಐದನೆಯ ಹಾಳೆಯಲ್ಲಿ ಎಪ್ಪತ್ತು. ಕೆಳಗೆ ಒಂದೇ ಸಾಲು: 'ಔಷಧಿಯ ವಾಸನೆ. ದೋಷ.'

'ಷ' ಅಕ್ಷರದ ಹೊಟ್ಟೆ ಸೀಳುವ ಗೆರೆಯನ್ನು ಹೊರಗೆ ಎಳೆದು ಬಾಲ ಮಾಡುವವನು ನನಗೆ ಗೊತ್ತಿರುವವರಲ್ಲಿ ಒಬ್ಬನೇ. ನನಗೆ ಅಕ್ಷರ ತಿದ್ದಿಸಿದವನೂ ಅವನೇ.

ಸರಾಸರಿ ಎಂಬತ್ನಾಲ್ಕು ಪಾಯಿಂಟ್ ಆರು. ಗೆರೆ ಎಂಬತ್ತೈದು. ಮೇಲಿನ ಇಳಿಜಾರು ಬೆಳೆಗಾರರ ಸಂಘದ ನೆಲ ಎಂಬುದು ನಿನಗೆ ಮರೆತಿರಲಾರದು. ಮೂರು ಕೊಯ್ಲಿನೊಳಗೆ ನಮ್ಮ ಉದ್ದಕಾಳು ತಳಿ ಎಂಬತ್ತೈದು ದಾಟದಿದ್ದರೆ ಜೂನ್ ಮೊದಲ ವಾರದಲ್ಲಿ ನಾನೂರ ಹನ್ನೆರಡು ಗಿಡವನ್ನೂ ಕಿತ್ತು, ಗೊಂಚಲು ಗೊಂಚಲಾಗಿ ಕಾಯುವ ಮಾಮೂಲಿ ತಳಿ ಹಾಕುತ್ತಾರೆ. ಇದು ಮೂರನೇ ಕೊಯ್ಲು.

ಅಪ್ಪ ಬೇಲಿಯಂಚಿನ ಮೂರು ಮುದಿ ಗಿಡಗಳಿಂದ ಬೀಜ ಆರಿಸಿ ಮಾಡಿದ ತಳಿ ಅದು. ಬೇರೆ ಗಿಡ ಕೊಡುವುದರ ಮೂರರಲ್ಲೊಂದು ಪಾಲೂ ಕೊಡುವುದಿಲ್ಲ, ಆದರೂ ಹನ್ನೊಂದು ಹೆಂಗಸರು ಅದಕ್ಕಾಗಿ ನಾಲ್ಕು ಸಲ ಇಳಿಜಾರು ಹತ್ತಿದರು. ಒಂದು ಅರೆಗಾಯಿಯನ್ನೂ ಬುಟ್ಟಿಗೆ ಹಾಕಲಿಲ್ಲ. ಕಣದಲ್ಲಿ ಗಂಟೆಗೊಮ್ಮೆ ಕೈಯಾಡಿಸಿ ಒಣಗಿಸಿದೆವು. ಇಡೀ ಮನೆಯಲ್ಲಿ ಥಂಡಿ ಹೊಡೆಯದ ಒಂದೇ ಜಾಗ ಹುಡುಕಿ ಇಟ್ಟೆವು. ಇಷ್ಟು ದುಡಿಮೆಯನ್ನು ನೀನು ಚಮಚದಲ್ಲಿ ಹೀರಿ, ಪೀಕದಾನಿಗೆ ಉಗುಳಿ, 'ದೋಷ' ಅಂದೆ.

'ನಾಲಿಗೆ ಯಾರ ಸ್ವತ್ತು?' ಎಂದು ಒಂದು ಕರಪತ್ರ ಬರೆಯುತ್ತಿದ್ದೇನೆ. ಅಚ್ಚಾದ ಮೇಲೆ ಮೊದಲ ಪ್ರತಿ ನಿನಗೇ ಕಳಿಸುತ್ತೇನೆ. ಫೋನು ಮಾಡಬೇಡ. ಫೋನಿನಲ್ಲಾದರೆ ನೀನು 'ಆಮೇಲೆ ಮಾತಾಡೋಣ' ಅಂತೀಯ. ಕಾಗದದಲ್ಲಿ ಜಾರಿಕೊಳ್ಳಲು ಆಗುವುದಿಲ್ಲ.

ಅಪ್ಪನಿಗೆ ಇನ್ನೂ ಹೇಳಿಲ್ಲ. ಅವರು ಆರಾಮಾಗಿದ್ದಾರೆ, ಮಲಗಿಕೊಂಡು ನನ್ನ ಪುಸ್ತಕಗಳನ್ನೆಲ್ಲ ಓದಿ ಮುಗಿಸುತ್ತಿದ್ದಾರೆ.

ಮೇಲಿನ ಇಳಿಜಾರಿನವರ ಪರವಾಗಿ,
ತಂಗಿ


ಮಾರ್ಚ್ 12

ತಂಗಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅಂಕದ ವಿಷಯ ನಾನು ಹೊರಗೆ ಮಾತಾಡುವ ಹಾಗಿಲ್ಲ, ಅದು ನಿನಗೂ ಗೊತ್ತು.

ಮೂರು ಪ್ರಶ್ನೆ ಕೇಳುತ್ತೇನೆ. ಸಿಟ್ಟು ಬಂದರೂ ಉತ್ತರ ಬರೆ. ಮಾದರಿ ಕಳಿಸುವ ಮೊದಲು ಚೀಲ ಎಲ್ಲಿ ಇಟ್ಟಿದ್ದಿರಿ? ಎಷ್ಟು ದಿನ? ಅಪ್ಪ ಕೊನೆಯ ಸಲ ಇಳಿಜಾರು ಹತ್ತಿದ್ದು ಯಾವಾಗ?

ಈ ಕಾಗದವನ್ನು ಅಪ್ಪನಿಗೆ ಓದಿ ಹೇಳಬೇಡ. ಫೋನು ಅವರ ದಿಂಬಿನ ಹತ್ತಿರ ಇರುತ್ತದೆ, ಅದಕ್ಕೇ ನಾನೂ ಫೋನು ಮಾಡಿಲ್ಲ.

ನಿನ್ನ ಅಣ್ಣ


ಮಾರ್ಚ್ 17

ಅಣ್ಣ,

ಭೇಷ್. ನಾನು ಗಿಡದ ಪ್ರಾಣ ಕೇಳಿದರೆ ನೀನು ಅಪ್ಪನ ಕಾಲ್ನಡಿಗೆ ಕೇಳುತ್ತೀಯ. ತಪ್ಪು ಮಾಡಿದವರು ಪ್ರಶ್ನೆ ಕೇಳುವ ಜಾಗಕ್ಕೆ ಹೋಗಿ ಕೂತುಬಿಡುತ್ತಾರೆ, ಇದನ್ನು ನಾನು ಸಂಘದ ಸಭೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ.

ಆದರೂ ಉತ್ತರ ಬರೆಯುತ್ತೇನೆ, ಏಕೆಂದರೆ ನಾನು ಯಾವುದನ್ನೂ ಮುಚ್ಚಿಡುವವಳಲ್ಲ. ಉಗ್ರಾಣದ ಗೋಡೆ ಒದ್ದೆಯಾಗಿತ್ತು. ಆಗ ಅಪ್ಪನೇ, "ನನ್ನ ಕೋಣೆಗೆ ಬೆಳಿಗ್ಗೆಯಿಂದ ಬಿಸಿಲು ಬೀಳುತ್ತೆ, ಮಂಚದ ಕೆಳಗೆ ತಳ್ಳು. ನಾನೇ ಕಾವಲು ಕಾಯ್ತೀನಿ, ಸಂಬಳ ಬೇಡ" ಅಂದರು. ಎರಡು ಚೀಲ, ಏಳು ವಾರ. ಮೂರನೇ ಚೀಲವನ್ನು ದೊಡ್ಡಕ್ಕನ ಅಟ್ಟದಲ್ಲಿ ಇಟ್ಟಿದ್ದೇವೆ. (ದೊಡ್ಡಕ್ಕ ಅಂದರೆ ನಮ್ಮ ಕೊಯ್ಲಿನವರಲ್ಲಿ ಹಿರಿಯಳು. ನೀನು ಹೋದ ಮೇಲೆ ಬಂದವಳು. ಅವಳು ಮುಟ್ಟಿದ ಕೊಂಬೆಯಲ್ಲಿ ಹಣ್ಣು ಉಳಿಯುವುದಿಲ್ಲ, ಕಾಯಿ ಉದುರುವುದಿಲ್ಲ.) ಮಾದರಿ ಕಳಿಸಿದ್ದು ಅಪ್ಪನ ಕಾವಲಿನ ಚೀಲದಿಂದ.

ಇನ್ನು ಅಪ್ಪ. ಗಟ್ಟಿಮುಟ್ಟಾಗಿದ್ದಾರೆ. ಬೆಳಿಗ್ಗೆ ನಾನು ಹೊರಡುವಾಗ ಮಂಚದ ಮೇಲೆ ಎದ್ದು ಕೂತು ಕೈ ಬೀಸುತ್ತಾರೆ, ಸಂಜೆ ಬಂದಾಗಲೂ ಕೂತೇ ಇರುತ್ತಾರೆ. ಇಳಿಜಾರು ಹತ್ತಿದ್ದು... ಹೂ ಬಿಟ್ಟಾಗ ಬಂದಿದ್ದರು. ಆಮೇಲೆ ಅವರನ್ನು ಹತ್ತಿಸುವ ಅಗತ್ಯ ಏನಿತ್ತು? ನಾವಿದ್ದೇವಲ್ಲ.

ಸಂಘದ ಕಾರ್ಯದರ್ಶಿ ನಿನ್ನೆ ಸಿಕ್ಕಿದರು. "ಏನಮ್ಮ ಕರಪತ್ರ, ಗಿಡ ಕೀಳೋದಕ್ಕೆ ಗುದ್ದಲಿ ನಿಮ್ಮನೆಯಿಂದ ತರ್ತೀಯೋ, ನಾವೇ ತರಬೇಕೋ?" ಅಂದರು. ಅಪ್ಪ ನನಗೆ ತಮಾಷೆಗೆ ಇಟ್ಟ 'ಕರಪತ್ರ' ಎಂಬ ಹೆಸರು ಈಗ ಊರಿಗೆಲ್ಲ ಹಬ್ಬಿದೆ. "ಗುದ್ದಲಿ ತನ್ನಿ ಸಾರ್, ಹಿಡಿ ಯಾರ ಕೈಯಲ್ಲಿರುತ್ತೋ ನೋಡೋಣ" ಅಂದೆ. ದೊಡ್ಡಕ್ಕ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. "ನಿಮ್ಮಣ್ಣ ಯಾಕೆ ಹಾಗೆ ಬರೆದ ಅಂತ ಕೇಳಿದೆಯಾ?" ಅಂದಳು. "ಕೇಳೋದೇನಿದೆ, ಊರು ಬಿಟ್ಟವನು" ಅಂದೆ. "ಊರು ಬಿಟ್ಟ ಮಾತ್ರಕ್ಕೆ ಮೂಗು ಬಿಟ್ಟಿರ್ತಾನಾ?" ಅಂದಳು.

ಈಗ ನಿನ್ನ ಸರದಿ. ಯಾಕೆ ಬರೆದೆ?

ತಂಗಿ


ಮಾರ್ಚ್ 25

ತಂಗಿ,

ಬರೆಯುತ್ತೇನೆ. ಇದನ್ನು ಓದಿ ನೀನು ಯಾರಿಗೆ ತೋರಿಸಿದರೂ ನನ್ನ ಕೆಲಸ ಹೋಗುತ್ತದೆ. ಅದು ನಿನ್ನ ಇಷ್ಟ.

ನಮ್ಮ ಪರೀಕ್ಷೆಯ ಕೋಣೆಯಲ್ಲಿ ಉದ್ದನೆಯ ಮೇಜು. ಒಂದೊಂದು ಮಾದರಿಗೆ ಐದು ಬಟ್ಟಲು, ಬಟ್ಟಲಿಗೆ ಸಂಖ್ಯೆ ಮಾತ್ರ. ಪುಡಿಯ ಮೇಲೆ ಬಿಸಿನೀರು ಹುಯ್ದು ನಾಲ್ಕು ನಿಮಿಷ ಬಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ಚಮಚದ ಬೆನ್ನಿನಿಂದ ಅದನ್ನು ಒಡೆದು ಮೂಗು ಬಗ್ಗಿಸಬೇಕು. ಆ ದಿನ ಮೂರನೇ ಮಾದರಿಯ ಕೆನೆ ಒಡೆದೆ. ಪಕ್ಕದವರು "ಆಹಾ" ಅಂದರು. ನನಗೆ ಮಾತ್ರ ಅಪ್ಪನ ಕೋಣೆ ಕಾಣಿಸಿತು. ಸುಣ್ಣ ಉದುರಿದ ಗೋಡೆ, ಕಿಟಕಿಯ ಮೇಲಿನ ಬಿಸಿಲು, ಬೋರಲಾಗಿ ಮಲಗಿದ ಅಪ್ಪನ ಬೆನ್ನು, ಹಸಿರು ಮುಚ್ಚಳದ ಮುಲಾಮು ಡಬ್ಬಿ.

ಅವರೆಲ್ಲ ಪುದೀನ ಎಂದು ಮೆಚ್ಚಿದ್ದು ಆ ನೋವಿನ ಮುಲಾಮು. ಹಸಿ ಕಾಫಿಬೀಜ ಪಕ್ಕದಲ್ಲಿ ಏನಿದ್ದರೂ ಅದನ್ನು ಹೀರುತ್ತದೆ. ಸೀಮೆಎಣ್ಣೆ ಇದ್ದರೆ ಸೀಮೆಎಣ್ಣೆ, ಸೋಪು ಇದ್ದರೆ ಸೋಪು. ಆದರೆ ಹುರಿದ ಮೇಲೂ ಅಷ್ಟು ಉಳಿಯಬೇಕಾದರೆ ಒಂದೆರಡು ಸಲ ಹಚ್ಚಿದ್ದು ಸಾಲದು. ದಿನವೂ ಹಚ್ಚಿರಬೇಕು. ದಿನಕ್ಕೆ ಎರಡು ಮೂರು ಸಲ.

ಅಪ್ಪ ನೆರಳು ಮರದಿಂದ ಬಿದ್ದಾಗ ನಿನಗೆ ಹದಿನಾಲ್ಕು. ಆರು ತಿಂಗಳು ಅವರ ಬೆನ್ನಿಗೆ ಹಚ್ಚಿದವನು ನಾನು. ಆ ವಾಸನೆಯ ಅಳತೆ ನನಗೆ ಗೊತ್ತು.

ಮಾದರಿ ಯಾರದ್ದೆಂದು ಗುರುತು ಸಿಕ್ಕರೆ ಚಮಚ ಕೆಳಗಿಟ್ಟು ಹೊರಗೆ ಹೋಗಬೇಕು. ಅದು ನಮ್ಮ ನಿಯಮ. ನಾನು ಹೋಗಲಿಲ್ಲ. ಎದ್ದರೆ ಎಲ್ಲರೂ ಯಾಕೆಂದು ಕೇಳುತ್ತಾರೆ ಎಂದು ಕೂತೆ. ದೋಷವನ್ನು ದೋಷ ಎಂದು ಬರೆದೆ. ಬರೆದದ್ದು ಸರಿ, ಕೂತದ್ದು ತಪ್ಪು.

ಆ ತಪ್ಪನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಮನೆಯಲ್ಲಿ ಖಾಲಿ ಡಬ್ಬಿ ಎಷ್ಟಿವೆ ಎಂದು ಎಣಿಸು. ಅಪ್ಪ ಒಂದನ್ನೂ ಬಿಸಾಡುವವರಲ್ಲ. ಎಣಿಸಿ ಬೇಗ ಬರೆ.

ಅಣ್ಣ


ಏಪ್ರಿಲ್ 1

ಅಣ್ಣ,

ಹತ್ತೊಂಬತ್ತು.

ಹುಡುಕಬೇಕಾಗಲಿಲ್ಲ. ಎಲ್ಲವೂ ನನ್ನ ಹತ್ತಿರವೇ ಇದ್ದವು, ನರ್ಸರಿಯ ಹಲಗೆಯ ಮೇಲೆ, ಸಾಲಾಗಿ. ಬಿತ್ತನೆ ಬೀಜ ಬೇರೆ ಬೇರೆ ಇಡಲು ಡಬ್ಬಿ ಬೇಕು ಎಂದಿದ್ದೆ. ಅಪ್ಪ ವಾರಕ್ಕೊಂದು ತೊಳೆದು, ಒರೆಸಿ, "ತಗೋ" ಎಂದು ಕೊಡುತ್ತಿದ್ದರು. ನಾನು ಅದರ ಮೇಲೆ ಚೀಟಿ ಅಂಟಿಸಿ, ಕೊಯ್ದ ತಾರೀಖು ಬರೆದು ಇಟ್ಟಿದ್ದೇನೆ. ಇಷ್ಟೊಂದು ಡಬ್ಬಿ ಎಲ್ಲಿಂದ ಬರುತ್ತಿವೆ ಎಂದು ಒಮ್ಮೆಯೂ ಕೇಳಲಿಲ್ಲ.

ನಿನ್ನೆ ಮಧ್ಯಾಹ್ನ ಯಾರಿಗೂ ಹೇಳದೆ ಇಳಿಜಾರಿನಿಂದ ಮನೆಗೆ ಬಂದೆ. ಕಿಟಕಿ ತೆರೆದಿತ್ತು. ಅಪ್ಪ ನೆಲದ ಮೇಲಿದ್ದರು. ಬಿದ್ದಿರಲಿಲ್ಲ, ನೀರಿನ ಹೂಜಿಯ ಕಡೆಗೆ ಮೊಣಕೈ ಊರಿ ತೆವಳುತ್ತಿದ್ದರು. ಆ ತೆವಳುವಿಕೆಯಲ್ಲಿ ಅಭ್ಯಾಸ ಇತ್ತು ಅಣ್ಣ. ಎಲ್ಲಿ ಕೈ ಇಡಬೇಕು, ಬಾಗಿಲ ಚೌಕಟ್ಟು ಎಲ್ಲಿ ಹಿಡಿಯಬೇಕು ಎಲ್ಲ ಗೊತ್ತಿತ್ತು.

ನನ್ನನ್ನು ನೋಡಿ, "ಏನು, ಕ್ರಾಂತಿ ಇವತ್ತು ಅರ್ಧ ದಿನ ರಜಾನಾ?" ಅಂದರು.

"ಎಷ್ಟು ದಿನದಿಂದ?" ಅಂದೆ.

"ಯಾವುದು?"

"ಅಪ್ಪ!"

"ಕೂಗಬೇಡ, ನನ್ನ ಕಿವಿಗೇನೂ ಆಗಿಲ್ಲ. ಹೂವಿನ ಸಮಯದಲ್ಲಿ ಒಂದು ಸಲ ಕಳಕ್ ಅಂತು. ನೀನು ಆಗ ಗಿಡಗಳಿಗೆ ಚೀಟಿ ಕಟ್ಟೋ ಗಲಾಟೆಯಲ್ಲಿದ್ದೆ. ಹನ್ನೊಂದು ಜನರ ಬೆನ್ನಿನ ಚಿಂತೆ ನಿನ್ನ ತಲೆ ಮೇಲಿತ್ತು, ಹನ್ನೆರಡನೇದು ಯಾಕೆ ಅಂತ ಸುಮ್ಮನಾದೆ."

ಮಂಚಕ್ಕೆ ಎತ್ತಿ ಮಲಗಿಸಿದೆ. ಎಷ್ಟು ಹಗುರಾಗಿದ್ದಾರೆ ಗೊತ್ತಾ. ಆಮೇಲೆ ಅವರೇ ಹೇಳಿದರು, ಹವಾಮಾನ ಹೇಳುವವರ ಹಾಗೆ: "ಎಡಗಾಲಿನ ಹೆಬ್ಬೆರಳು ನನ್ನ ಮಾತು ಕೇಳೋದು ಬಿಟ್ಟು ತಿಂಗಳಾಯ್ತು. ಅಣ್ಣನಿಗೆ ಬರೀಬೇಡ, ಆಣೆ ಮಾಡು." ಮಾಡಿದೆ. ಮಾಡಿ ಈಗ ಬರೆಯುತ್ತಿದ್ದೇನೆ.

ಕೊಯ್ಲಿನ ಹೆಂಗಸರ ಬೆನ್ನಿನ ಮೇಲೆ ಎಷ್ಟು ಭಾರ ಹೊರಿಸಬಹುದು ಎಂದು ನಾನು ನಾಲ್ಕು ಪುಟದ ಕರಪತ್ರ ಬರೆದಿದ್ದೆ. ಅಪ್ಪ ಅದರ ಕರಡು ತಿದ್ದಿದ್ದರು, ಮಲಗಿಕೊಂಡು.

ಏನು ಮಾಡಲಿ, ಹೇಳು.

ನಿನ್ನ ತಂಗಿ


ಏಪ್ರಿಲ್ 8

ತಂಗಿ,

ಅಳುತ್ತಾ ಕೂರಬೇಡ. ಅಲ್ಲಿಯ ಡಾಕ್ಟರನ್ನು ಮನೆಗೆ ಕರೆಸಿ ತೋರಿಸು. ಅಪ್ಪನನ್ನು ಒಬ್ಬರನ್ನೇ ಬಿಡಬೇಡ. ಮುಲಾಮು ಹಚ್ಚಬೇಡ ಎನ್ನಬೇಡ, ಚೀಲ ಮಾತ್ರ ಹೊರಗೆ ತೆಗೆ.

ಇಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ಬೆನ್ನುಮೂಳೆಯ ಡಾಕ್ಟರು ತಿಂಗಳ ಮೊದಲ ಮತ್ತು ಮೂರನೇ ಗುರುವಾರ ಮಾತ್ರ ಬರುತ್ತಾರೆ. ಈ ತಿಂಗಳು ಪೂರ್ತಿ ಭರ್ತಿ, ಮೇ ನಾಲ್ಕೂ ಭರ್ತಿ. ಚೀಟಿ ಕೊಡುವ ಕಿಟಕಿಯ ಮುಂದೆ ಮೂರು ದಿನ ನಿಂತೆ. ಮೇ ಹದಿನೆಂಟಕ್ಕೆ ಹೆಸರು ಹಾಕಿದ್ದಾರೆ. ಯಾರಾದರೂ ಬಿಟ್ಟರೆ ಮೊದಲೇ ಕರೆಯುತ್ತಾರಂತೆ. ದಿನವೂ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಹೋಗಿ ಆ ಕಿಟಕಿಗೆ ಮುಖ ತೋರಿಸಿ ಬರುತ್ತೇನೆ. ಅಲ್ಲಿಯ ಹೆಂಗಸು ನನ್ನನ್ನು ಕಂಡರೆ ಕತ್ತು ಅಲ್ಲಾಡಿಸುತ್ತಾಳೆ, ಇಲ್ಲ ಎಂದು.

ಇನ್ನೊಂದು. ನಮ್ಮ ಮುಖ್ಯ ಪರೀಕ್ಷಕರಿಗೆ ಹೇಳಿಬಿಟ್ಟೆ: 'ಮೂರನೇ ಮಾದರಿ ನಮ್ಮ ಮನೆಯದು, ಗುರುತು ಸಿಕ್ಕಿತ್ತು, ಎದ್ದು ಹೋಗಲಿಲ್ಲ.' ನನ್ನನ್ನು ಮೇಜಿನಿಂದ ತೆಗೆದು ಹುರಿಯುವ ಕೋಣೆಗೆ ಹಾಕಿದ್ದಾರೆ. ಮುಂದೇನು ಎಂದು ಗೊತ್ತಿಲ್ಲ. ನಿಯಮದ ಪ್ರಕಾರ ನನ್ನ ಅಂಕವನ್ನು ಹೊಡೆದುಹಾಕುತ್ತಾರೆ, ಉಳಿದ ನಾಲ್ಕು ನಿಲ್ಲುತ್ತವೆ.

ಆ ವಾಸನೆ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದು ನಿನ್ನ ಕಾಫಿ.

ಹೆಬ್ಬೆರಳು ಹೇಗಿದೆ ಎಂದು ಪ್ರತಿ ಕಾಗದದಲ್ಲೂ ಬರೆ.

ಅಣ್ಣ


ಏಪ್ರಿಲ್ 22

ಅಣ್ಣ,

ಹೆಬ್ಬೆರಳು ಹಾಗೇ ಇದೆ. ಅದರ ಪಕ್ಕದ್ದೂ ಈಗ ಮಂಕಾಗಿದೆ. ಇಲ್ಲಿಯ ಡಾಕ್ಟರು ಪೆನ್ನಿನ ತುದಿಯಿಂದ ಅಂಗಾಲಿಗೆ ಗೀರಿ, ಮಾತ್ರೆ ಬರೆದುಕೊಟ್ಟು, "ಹದಿನೆಂಟರ ತನಕ ಕಾಯಬಹುದು, ಆದರೆ ಹದಿನೆಂಟು ತಪ್ಪಿಸಬೇಡಿ" ಅಂದರು. ಆ 'ಆದರೆ' ನನ್ನ ತಲೆಯಲ್ಲಿ ಸುತ್ತುತ್ತಿದೆ. ಮಾತ್ರೆ ಮುಗಿಯುವುದರೊಳಗೆ ಕಾಲು ಪೂರ್ತಿ ಹೋದರೆ ಎಂದು ದಿನಕ್ಕೆ ಹತ್ತು ಸಲ ಹೋಗಿ ಬೆರಳು ಮುಟ್ಟುತ್ತೇನೆ. ಅಪ್ಪ ಈಗ ನಾನು ಬಾಗಿಲಿಗೆ ಬರುತ್ತಿದ್ದ ಹಾಗೇ ಹೊದಿಕೆಯಿಂದ ಕಾಲು ಹೊರಗೆ ಹಾಕುತ್ತಾರೆ, "ಬಂತು ನೋಡು ತಪಾಸಣೆ" ಎಂದು.

ನಿಮ್ಮ ಕೇಂದ್ರದ ಕಾಗದ ಬಂತು. ಎಂಬತ್ತೆಂಟು ಕಾಲು. ಉದ್ದಕಾಳು ಗೆದ್ದಿದೆ.

ಹೆಂಗಸರು ನನ್ನನ್ನು ಎತ್ತಿ ಕುಣಿಸಿದರು. ಕಾರ್ಯದರ್ಶಿ ಕೈ ಕುಲುಕಿ, "ಪುದೀನ ಕಾಫಿ ಅಂತ ಒಬ್ಬ ಕೊಳ್ಳುವವರು ಆಗಲೇ ವಿಚಾರಿಸ್ತಿದ್ದಾರೆ, ಮುಂದಿನ ವರ್ಷವೂ ಇದೇ ರುಚಿ ಬರಬೇಕು ನೋಡಮ್ಮ" ಅಂದರು. ಮುಂದಿನ ವರ್ಷವೂ ಇದೇ ರುಚಿ ಬರಬೇಕಾದರೆ ಮುಂದಿನ ವರ್ಷವೂ ಅಪ್ಪನಿಗೆ ಇದೇ ನೋವು ಬರಬೇಕು.

ಎರಡು ದಿನ ಸುಮ್ಮನಿದ್ದೆ. ಯಾರಿಗೆ ಏನು ನಷ್ಟ, ಗಿಡ ಉಳಿಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಿಂದೆ ಇಂಥ ಮಾತು ಬೇರೆಯವರ ಬಾಯಲ್ಲಿ ಕೇಳಿದಾಗ ಅವರನ್ನು ಏನೆಂದು ಕರೆದು ಬರೆದಿದ್ದೆ ಎಂಬುದು ನೆನಪಾಗುತ್ತಲೇ ಇತ್ತು. ಮೂರನೇ ದಿನ ಕಣದಲ್ಲಿ ಹನ್ನೊಂದು ಜನರನ್ನೂ ಕೂರಿಸಿ ಎಲ್ಲ ಹೇಳಿಬಿಟ್ಟೆ. ಮುಲಾಮು, ಮಂಚ, ನಿನ್ನ ಮೂಗು, ಎಲ್ಲ. ಒಬ್ಬಳು ನಕ್ಕಳು. ಇನ್ನೊಬ್ಬಳು, "ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು, ನಿನಗೇನು ಬಂತು ರೋಗ" ಎಂದು ಎದ್ದು ಹೋದಳು. ಅವಳದ್ದೂ ತಪ್ಪಲ್ಲ, ಅವಳ ಮೊಣಕಾಲೂ ಅದೇ ಇಳಿಜಾರಿನಲ್ಲಿ ಸವೆದದ್ದು.

ದೊಡ್ಡಕ್ಕ ಎಲೆಯೊಂದನ್ನು ಹರಿಯುತ್ತಾ ಕೂತಿದ್ದಳು. ಆಮೇಲೆ, "ಅಲ್ಲ ಕಣೇ, ಹಾಗಾದ್ರೆ ನಾವು ಕೊಯ್ದಿದ್ದನ್ನ ಇನ್ನೂ ಯಾರೂ ಕುಡಿದೇ ಇಲ್ಲ ಅನ್ನು" ಅಂದಳು.

ನನ್ನ ಆರು ವರ್ಷದ ಓದಿನಲ್ಲಿ ಇಷ್ಟು ನೇರವಾದ ಸಾಲು ಸಿಕ್ಕಿಲ್ಲ.

ಅವಳ ಅಟ್ಟದ ಚೀಲ ಇಳಿಸಿದೆವು. ಅವಳೇ ಬಾಣಲೆಯಲ್ಲಿ ಹದವಾಗಿ ಹುರಿದಳು. ಮುಲಾಮಿನ ವಾಸನೆ ಹಿಡಿದ ಕೋಣೆಯಲ್ಲಿ ಬೇಡ ಎಂದು ಅಪ್ಪನನ್ನು ಹಾಸಿಗೆ ಸಮೇತ ಎತ್ತಿ ಪಡಸಾಲೆಗೆ ತಂದೆವು, ಮೆರವಣಿಗೆಯಂತೆ. ನೀನು ಬರೆದ ಹಾಗೇ ನೀರು ಹುಯ್ದು, ಕೆನೆ ಒಡೆದು, ಚಮಚದಲ್ಲಿ ಹೀರಿದೆ. ಅಣ್ಣ, ಏನೂ ಇರಲಿಲ್ಲ. ಬಿಸಿ, ತೆಳು, ಸ್ವಲ್ಪ ಹುಳಿ. ಇದಕ್ಕಾಗಿ ಮೂರು ವರ್ಷವೇ ಎಂದು ಅಳು ಬಂತು. ಈಗಲೇ ಕೇಂದ್ರಕ್ಕೆ ಬರೆದು ಸತ್ಯ ಹೇಳಿ, ಗಿಡ ಕಿತ್ತುಕೊಳ್ಳಿ ಎನ್ನುತ್ತೇನೆ ಎಂದು ಕೂಗಾಡಿದೆ.

"ಆರಲಿ ಬಿಡು. ನಿನಗೆ ಎಲ್ಲದಕ್ಕೂ ಅವಸರ" ಎಂದರು ಅಪ್ಪ.

ಬಟ್ಟಲು ಕಿಟಕಿಯ ಮೇಲಿತ್ತು. ಅರ್ಧ ಗಂಟೆ ಆಗಿರಬಹುದು, ಬೇರೇನೋ ಮಾತಾಡುತ್ತಿದ್ದೆವು. ದೊಡ್ಡಕ್ಕ ಬಾಯಾರಿ ಅದನ್ನೇ ಎತ್ತಿಕೊಂಡು ಕುಡಿದಳು. ಕುಡಿದವಳು ಹಾಗೇ ನಿಂತಳು. ಆಮೇಲೆ ಬಟ್ಟಲನ್ನು ಅಪ್ಪನ ತುಟಿಗೆ ಹಿಡಿದಳು, ಆಮೇಲೆ ನನಗೆ. ಪೂರ್ತಿ ಆರಿದ ಕಾಫಿ. ಅದರೊಳಗೆ, ಹೇಗೆ ಹೇಳಲಿ, ಚೆನ್ನಾಗಿ ಹಣ್ಣಾದ ಕಾಫಿಹಣ್ಣನ್ನು ಕೊಯ್ಯುವಾಗ ಬಾಯಿಗೆ ಹಾಕಿಕೊಂಡರೆ ಸಿಪ್ಪೆಯಡಿ ಒಂದು ಸಿಹಿ ಸಿಗುತ್ತಲ್ಲ, ಅದು. ಅದರ ಹಿಂದೆಯೇ ಗಿಡ ಹೂ ಬಿಟ್ಟ ಬೆಳಗಿನ ವಾಸನೆ. ಬಿಸಿಯಲ್ಲಿ ಎಲ್ಲೋ ಅಡಗಿತ್ತು.

ಅಪ್ಪ ಕಣ್ಣು ಮುಚ್ಚಿಕೊಂಡು, "ಬೇಲಿಯ ಹತ್ತಿರದ ಮುದಿ ಗಿಡ ಇದೇ" ಅಂದರು.

ಕೇಂದ್ರಕ್ಕೆ ಬರೆದಿದ್ದೇನೆ. ಅಪ್ಪನ ಮುಲಾಮಿನ ವಿಷಯ ಬಿಡಿಸಿ ಹೇಳಿದ್ದೇನೆ, ಅಟ್ಟದ ಚೀಲದಿಂದ ಹೊಸ ಮಾದರಿ ಕಳಿಸಿ ಮರುಪರೀಕ್ಷೆ ಕೇಳಿದ್ದೇನೆ. ಕಾರ್ಯದರ್ಶಿ ತಲೆಗೆ ಕೈ ಕೊಟ್ಟು, "ಸೋತವರು ಮರುಪರೀಕ್ಷೆ ಕೇಳೋದು ನೋಡಿದ್ದೆ, ಗೆದ್ದವರು ಕೇಳೋದು ಇದೇ ಮೊದಲು. ಎಂಬತ್ತೈದಕ್ಕಿಂತ ಕೆಳಗೆ ಬಂದ್ರೆ ನನ್ನ ಕಾಲು ಹಿಡಿಯಬೇಡ" ಅಂದರು. ಹಿಡಿಯುವುದಿಲ್ಲ.

ನಿಮ್ಮವರು ಆರುವ ತನಕ ಕಾಯುತ್ತಾರಾ?

ತಂಗಿ


ಏಪ್ರಿಲ್ 30

ತಂಗಿ,

ಬಿಸಿಯಲ್ಲೊಮ್ಮೆ, ಬೆಚ್ಚಗಿದ್ದಾಗೊಮ್ಮೆ, ಆರಿದ ಮೇಲೊಮ್ಮೆ ನೋಡಬೇಕು ಎಂಬುದು ನಿಯಮ. ಆದರೆ ಮೂವತ್ತು ಮಾದರಿ ಇರುವ ದಿನ ಮೂರನೇ ಸುತ್ತಿಗೆ ಎಷ್ಟು ಜನ ಮೇಜಿನ ಹತ್ತಿರ ಉಳಿಯುತ್ತಾರೆ ಎಂದು ನನ್ನನ್ನು ಕೇಳಬೇಡ. ನಾನೂ ಎಷ್ಟೋ ಸಲ ಉಳಿದಿಲ್ಲ.

ಮರುಪರೀಕ್ಷೆಯ ತಾರೀಖು ಹಾಕಿದ್ದಾರೆ. ಸೂಚನೆಯ ಹಲಗೆಯ ಮೇಲೆ ನೋಡಿದೆ, ನಂಬಲಾಗದೆ ಇನ್ನೊಮ್ಮೆ ಹೋಗಿ ನೋಡಿದೆ. ಮೇ ಹದಿನೆಂಟು, ಗುರುವಾರ, ಬೆಳಿಗ್ಗೆ ಹತ್ತಕ್ಕೆ. ಅಪ್ಪನನ್ನು ಡಾಕ್ಟರು ನೋಡುವುದು ಹತ್ತಕ್ಕೇ. ಬದಲಾಯಿಸಲು ಎರಡೂ ಕಡೆ ಕೇಳಿದೆ. ಕೇಂದ್ರದಲ್ಲಿ ಮುಂದಿನ ಸರದಿ ಜುಲೈಗೆ, ಅಷ್ಟರಲ್ಲಿ ಗಿಡ ಇರುವುದಿಲ್ಲ. ಆಸ್ಪತ್ರೆಯಲ್ಲಿ ಮುಂದಿನದ್ದು ಜೂನಿಗೆ, ಅಷ್ಟರಲ್ಲಿ... ಬೇಡ.

ಬೆಳೆದವರು ಮೇಜಿನ ಬಳಿ ಬಂದು ನಿಂತು ಮಾತಾಡಬಹುದು. ಬರಬೇಕು ಎಂದು ನಿನಗೆ ಆಸೆ ಇರುತ್ತದೆ, ನನಗೆ ಗೊತ್ತು. ನನ್ನನ್ನು ಆ ಕೋಣೆಗೆ ಬಿಡುವುದಿಲ್ಲ. ನೀನು ಕೇಂದ್ರಕ್ಕೆ ಹೋಗು, ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಬರೆಯಲು ಕೂತೆ. ಬರೆಯಲಾಗುತ್ತಿಲ್ಲ. ಕಾರಣ ಹೇಳಿಬಿಡುತ್ತೇನೆ.

ನಾನು ಊರು ಬಿಟ್ಟದ್ದು ಕೆಲಸಕ್ಕಾಗಿ ಎಂದು ಎಲ್ಲರಿಗೂ ಹೇಳಿದ್ದೆ. ಅಪ್ಪ ಎದ್ದು ನಿಂತ ವಾರವೇ ಹೋದೆ, ನೆನಪಿದೆಯಾ? ಆ ವಾಸನೆ ನನ್ನ ಉಗುರಿನೊಳಗೆ ಸೇರಿತ್ತು. ಊಟದಲ್ಲಿ, ನೀರಿನಲ್ಲಿ, ಎಲ್ಲದರಲ್ಲೂ ಅದೇ. ಇನ್ನೊಮ್ಮೆ ಅವರ ಬೆನ್ನು ಮುಟ್ಟಲಾರೆ ಅನಿಸಿತು. ಹೆತ್ತಪ್ಪನ ಬೆನ್ನು. ಏಳು ವರ್ಷ ಮೂಗನ್ನು ಬೇರೆ ವಾಸನೆಗಳಿಂದ ತುಂಬಿಸಿ ಅದನ್ನೇ ಉದ್ಯೋಗ ಮಾಡಿಕೊಂಡೆ. ಈಗ ಆಸ್ಪತ್ರೆಯ ಬಾಗಿಲಲ್ಲಿ ಅವರನ್ನು ಒಬ್ಬನೇ ಎತ್ತಿಕೊಳ್ಳಬೇಕಾದಾಗ ಮುಖ ತಿರುಗಿಸಿಬಿಟ್ಟರೆ? ಅಪ್ಪ ಅದನ್ನು ನೋಡಿಬಿಟ್ಟರೆ? ಅವರು ಆಗಲೂ ನೋಡಿದ್ದರು ಅನಿಸುತ್ತದೆ.

ನೀನು ಹೇಳಿದ ಹಾಗೆ ಮಾಡುತ್ತೇನೆ.

ಹೆಬ್ಬೆರಳು?

ಅಣ್ಣ


ಮೇ 8

ಅಣ್ಣ,

ಮೂರು ಬೆರಳು. ಡಾಕ್ಟರು ನಿನ್ನೆ ಮತ್ತೆ ಬಂದು ನೋಡಿದರು. ಈ ಸಲ 'ಆದರೆ' ಅನ್ನಲಿಲ್ಲ, "ಹದಿನೆಂಟಕ್ಕೆ ಹೋಗಿ" ಎಂದಷ್ಟೇ ಹೇಳಿ ಚೀಲ ಮುಚ್ಚಿದರು. ಅದೇ ಇನ್ನೂ ಹೆದರಿಕೆ.

ನಾನು ಕೇಂದ್ರಕ್ಕೆ ಹೋಗುವುದಿಲ್ಲ. ಆ ಮೇಜಿನ ಮುಂದೆ ಏನು ಹೇಳಬೇಕು ಎಂದು ಆರು ಪುಟ ಬರೆದಿಟ್ಟಿದ್ದೆ. ದುಡಿದವರ ಕೈ, ನೆಲ, ನಾಲಿಗೆ, ಎಲ್ಲ ಇತ್ತು. ನೀನು ಕೇಳಿದ್ದರೆ ಎದ್ದು ನಿಲ್ಲುತ್ತಿದ್ದೆ. ಅದನ್ನು ದೊಡ್ಡಕ್ಕನಿಗೆ ಕೊಟ್ಟು, "ನೀನೇ ಹೋಗು, ಇದನ್ನು ಓದು" ಅಂದೆ. ಅವಳು ಎರಡು ಪುಟ ತಿರುವಿ ಹಾಕಿ, "ಇಷ್ಟು ಓದೋದರೊಳಗೆ ಅವರು ಊಟಕ್ಕೆ ಎದ್ದಿರ್ತಾರೆ. ನಾನು ಒಂದೇ ಮಾತು ಹೇಳ್ತೀನಿ, ಆರೋ ತನಕ ಯಾರೂ ಏಳಬೇಡಿ ಅಂತ. ಏಳೋಕೆ ಹೊರಟವರ ಮುಂದೆ ಹೋಗಿ ನಿಂತ್ಕೋತೀನಿ" ಅಂದಳು. ನಿಂತುಕೊಳ್ಳುತ್ತಾಳೆ. ಅವಳು ನಿಂತರೆ ಬಾಗಿಲು ಕಾಣಿಸುವುದಿಲ್ಲ.

ಅದು ಸಾಕಾಗುತ್ತದೋ ಇಲ್ಲವೋ ಗೊತ್ತಿಲ್ಲ. ನಿನ್ನೆ ಸಂಜೆ ಇಳಿಜಾರಿಗೆ ಹೋಗಿ ಗಿಡದ ಸಾಲುಗಳ ನಡುವೆ ನಡೆದು ಬಂದೆ. ತಾಮ್ರದ ಬಣ್ಣದ ಚಿಗುರು ಬಂದಿದೆ. ಅವಕ್ಕೇನು ಗೊತ್ತು.

ನಿನ್ನ ಕಾಗದದ ಕೊನೆಯ ಭಾಗವನ್ನು ಅಪ್ಪನಿಗೆ ಓದಿದೆ. ನೀನು ಬೇಡ ಎಂದಿರಲಿಲ್ಲ, ಈ ಸಲ. ಅವರು ಬರೆಯುತ್ತೇನೆ ಎಂದು ಪೆನ್ನು ಕಿತ್ತುಕೊಂಡರು. ಮಲಗಿ ಬರೆದದ್ದು, ಅಕ್ಷರ ಬೆಟ್ಟ ಹತ್ತಿದ ಹಾಗಿದೆ:

*ಮಗನೇ, ನೀನು ಆರು ತಿಂಗಳು ಹಚ್ಚಿದೆ. ಮೂರನೇ ತಿಂಗಳಿನಿಂದ ಉಸಿರು ಬಿಗಿ ಹಿಡಿದು ಹಚ್ಚುತ್ತಿದ್ದೆ, ಬೆನ್ನಿಗೂ ಕೇಳಿಸುತ್ತದೆ. ಬಿಟ್ಟು ಹೋಗಲಿಲ್ಲವಲ್ಲ, ನಾನು ಏಳುವ ತನಕ. ನನಗೆ ಅಷ್ಟೇ ಲೆಕ್ಕ. ಹದಿನೆಂಟಕ್ಕೆ ಮುಖ ತಿರುಗಿಸಬೇಕು ಅನಿಸಿದರೆ ತಿರುಗಿಸು, ಕೈ ಮಾತ್ರ ಬಿಡಬೇಡ. ನಾನು ಈಗ ತುಂಬ ಭಾರ ಇಲ್ಲ. - ಅಪ್ಪ*

ಸಂಘದ ಸಸಿ ಸಾಗಿಸುವ ವ್ಯಾನು ಸಿಕ್ಕಿದೆ. ಕಾರ್ಯದರ್ಶಿಯೇ ಕೊಟ್ಟರು, ಗುದ್ದಲಿಯ ಮಾತು ಎತ್ತಲಿಲ್ಲ. ಹಿಂದೆ ಹಾಸಿಗೆ ಹಾಸಿ ಅಪ್ಪ, ಪಕ್ಕದಲ್ಲಿ ನಾನು, ಮುಂದೆ ದೊಡ್ಡಕ್ಕ. ಅವಳನ್ನು ಕೇಂದ್ರದ ಬಾಗಿಲಲ್ಲಿ ಇಳಿಸಿ ಬರುತ್ತೇವೆ. ಮುಲಾಮಿನ ಡಬ್ಬಿ ತರುತ್ತಿದ್ದೇನೆ, ದಾರಿಯಲ್ಲಿ ನೋವು ಬಂದರೆ ಹಚ್ಚಲೇಬೇಕು. ವಾಸನೆ ಇರುತ್ತದೆ, ಮೊದಲೇ ಹೇಳಿದ್ದೇನೆ. ಆರಿದ ಕಾಫಿ ಒಂದು ಸೀಸೆಯಲ್ಲಿ ತರುತ್ತೇನೆ, ನಿನ್ನ ಪಾಲು. ಅಂಕ ಕೊಡಬೇಡ, ಕುಡಿ.

ವ್ಯಾನಿನಿಂದ ಇಳಿಸಲು ನಾನೊಬ್ಬಳೇ ಸಾಲುವುದಿಲ್ಲ ಅಣ್ಣ. ತಲೆಯ ಕಡೆ ನಾನು ಹಿಡಿಯುತ್ತೇನೆ, ಸೊಂಟದ ಕಡೆ ನೀನು.

ಗುರುವಾರ, ಮೇ ಹದಿನೆಂಟು, ಬೆಳಿಗ್ಗೆ ಒಂಬತ್ತೂವರೆ. ದೊಡ್ಡಾಸ್ಪತ್ರೆಯ ಹಿಂದಿನ ಗೇಟು, ಮೆಟ್ಟಿಲಿಲ್ಲದ ಕಡೆ.

ನಿನ್ನ ತಂಗಿ